ಏಳು ವರ್ಷದ ಪೇಸ್ಟ್, ಬಾಗಿದ ಐದು ಪಿನ್

ಪ್ರೊಸೆಸರ್ ಬದಲಾಯಿಸುವುದು ಅಂದರೆ ಹೊಸ ಚಿಪ್ಪನ್ನು ಸಾಕೆಟ್ಟಿಗೆ ಕೂರಿಸುವುದು ಅಂದುಕೊಂಡಿದ್ದೆ. ಕೂರಿಸಲು ಹಿಡಿದದ್ದು ಹದಿನೈದು ಸೆಕೆಂಡು. ಮಿಕ್ಕ ಒಂದೂವರೆ ದಿನ ಹಳೆಯದನ್ನು ಬಿಡಿಸಿಕೊಳ್ಳುವುದಕ್ಕೇ ಹೋಯಿತು. ಹಳೇ ಬಯೋಸ್ (ಆನ್ ಮಾಡಿದ ಕೂಡಲೇ ಮದರ್‌ಬೋರ್ಡನ್ನು ಎಬ್ಬಿಸುವ ತಂತ್ರಾಂಶ), ಪ್ರೊಸೆಸರಿಗೂ ಅದನ್ನು ತಣ್ಣಗಿಡುವ ಕೂಲರಿಗೂ ನಡುವೆ ಹಚ್ಚಿ ಒಣಗಿದ ಹಳೇ ಪೇಸ್ಟ್, ಹಳೇ ಚಿಪ್ಪನ್ನೇ ನಂಬಿಕೊಂಡಿದ್ದ ಡಿಸ್ಕಿನ ಬೀಗ, ಒಂದೊಂದೂ ಸತಾಯಿಸಿತು. ಏನೇನಾಯಿತು ಅಂತ ಬರೆದಿಡುತ್ತಿದ್ದೇನೆ, ನನ್ನ ದಡ್ಡತನವನ್ನೂ ಸೇರಿಸಿ.

ಕಂಪ್ಯೂಟರ್ 2018ರಲ್ಲಿ ನಾನೇ ಜೋಡಿಸಿದ್ದು. ರೈಝನ್ 5 2600 ಪ್ರೊಸೆಸರ್, ಬಿ450 ಚಿಪ್‌ಸೆಟ್ ಇರುವ ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್, ನಡುವೆ ಒಮ್ಮೆ ಬದಲಾಯಿಸಿದ ಗ್ರಾಫಿಕ್ಸ್ ಕಾರ್ಡ್. ನನ್ನ ಕೆಲಸಕ್ಕೆ ಇದು ಧಾರಾಳವಾಗಿ ಸಾಕು. ಆದರೆ ಮಗಳು ವಿಡಿಯೊ ಎಡಿಟಿಂಗ್ ಶುರು ಮಾಡಿದ ಮೇಲೆ ಎಕ್ಸ್‌ಪೋರ್ಟ್ ಒತ್ತಿ ಎದ್ದು ಹೋಗುವುದು ಮನೆಯ ರೂಢಿಯಾಯಿತು. ಒಂದು ದಿನ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದೆ. ಪ್ರೊಸೆಸರಿನ ಹನ್ನೆರಡು ಥ್ರೆಡ್‌ಗಳೂ (ಏಕಕಾಲಕ್ಕೆ ಓಡುವ ಕೆಲಸದ ಸಾಲುಗಳು) ನೂರಕ್ಕೆ ನೂರು. ಗ್ರಾಫಿಕ್ಸ್ ಕಾರ್ಡ್ ಸುಮ್ನೆ ಕೂತಿದೆ. ರ‍್ಯಾಮ್ ಅರ್ಧ ಖಾಲಿ. ತಡ ಎಲ್ಲಿ ಆಗುತ್ತಿದೆ ಅನ್ನುವುದರಲ್ಲಿ ಅನುಮಾನವೇ ಉಳಿಯಲಿಲ್ಲ.

ಇಡೀ ಯಂತ್ರ ಬದಲಾಯಿಸುವ ಅಗತ್ಯ ಇರಲಿಲ್ಲ, ಏಕೆಂದರೆ ಸಾಕೆಟ್ ಎಎಂ4. ರೈಝನ್ ತಯಾರಿಸುವ ಎಎಂಡಿ ಕಂಪನಿಯ ಈ ಸಾಕೆಟ್ 2016ರಲ್ಲಿ ಬಂತು. 2017ರ ಮೊದಲ ರೈಝನ್‌ನಿಂದ 5000 ಸರಣಿಯವರೆಗೆ ಎಲ್ಲ ಕೂರುವುದು ಇದೇ 1331 ತೂತುಗಳ ಚೌಕದಲ್ಲಿ. 2020ರ ಮೇ ತಿಂಗಳಲ್ಲಿ ಎಎಂಡಿ, ಬರಲಿರುವ ಹೊಸ ಚಿಪ್ಪುಗಳು ಬಿ450ಯಂಥ 400 ಸರಣಿಯ ಬೋರ್ಡುಗಳಿಗೆ ಇಲ್ಲ ಎಂದಿತ್ತು. ಬಳಸುವವರು ಗಲಾಟೆ ಎಬ್ಬಿಸಿದರು. ಅದೇ ತಿಂಗಳಲ್ಲಿ ಮಾತು ಬದಲಾಯಿತು. ಆ ಗಲಾಟೆಯ ಫಲ ನನಗೆ ಐದು ವರ್ಷ ತಡವಾಗಿ ಸಿಕ್ಕಿತು.

ಆರಿಸಿದ್ದು ರೈಝನ್ 7 5700ಎಕ್ಸ್. ಎಂಟು ಕೋರ್, ಹದಿನಾರು ಥ್ರೆಡ್. 5800ಎಕ್ಸ್‌ಗೂ ಇಷ್ಟೇ ಕೋರ್, ಆದರೆ ಅದರ ಟಿಡಿಪಿ (ಕೂಲರ್ ನಿಭಾಯಿಸಬೇಕಾದ ಶಾಖದ ಅಂದಾಜು) 105 ವ್ಯಾಟ್, ಇದರದ್ದು 65. ಟಿಡಿಪಿ ಅನ್ನುವುದು ಪೂರ್ತಿ ಲೆಕ್ಕವಲ್ಲ. ಭರ್ತಿ ಕೆಲಸದಲ್ಲಿ 5800ಎಕ್ಸ್ ಸಾಕೆಟ್ಟಿನಿಂದ 142 ವ್ಯಾಟ್‌ವರೆಗೆ ಎಳೆಯಬಲ್ಲದು, 5700ಎಕ್ಸ್ 76ಕ್ಕೆ ನಿಲ್ಲುತ್ತದೆ. ನನ್ನ ಬೋರ್ಡಿನಲ್ಲಿ ಪ್ರೊಸೆಸರಿಗೆ ಕರೆಂಟ್ ಹದ ಮಾಡಿ ಕೊಡುವ ವಿಆರ್‌ಎಂ ಭಾಗದ ಮೇಲಿರುವ ಅಲ್ಯುಮಿನಿಯಂ ತುಂಡು ಹೆಸರಿಗಷ್ಟೇ. ಸ್ವಲ್ಪ ವೇಗದ ಆಸೆಗೆ ಅದನ್ನು ಬೇಯಿಸುವುದು ಬೇಡ ಅನ್ನಿಸಿತು. 5700ಎಕ್ಸ್ ಡಬ್ಬಿಯಲ್ಲಿ ಕೂಲರ್ ಬರುವುದಿಲ್ಲ. ಹೀಗಾಗಿ ನಾಲ್ಕು ಹೀಟ್‌ಪೈಪ್‌ಗಳ ಒಂದು ಟವರ್ ಕೂಲರ್ ಬೇರೆ ತರಿಸಿದೆ.

ಶುಕ್ರವಾರ ರಾತ್ರಿ: ಮೊದಲು ಬಯೋಸ್

ಹೊಸ ಚಿಪ್ಪನ್ನು ಬೋರ್ಡ್ ಗುರುತಿಸಬೇಕಾದರೆ ಬಯೋಸ್‌ನಲ್ಲಿ ಅದರ ಪರಿಚಯ ಇರಬೇಕು. ನನ್ನದರಲ್ಲಿ ಇದ್ದದ್ದು 2018ರ ಬಯೋಸ್. 5000 ಸರಣಿ ಹುಟ್ಟಿದ್ದೇ 2020ರ ನವೆಂಬರ್‌ನಲ್ಲಿ. ಇದನ್ನು ಹಳೇ ಪ್ರೊಸೆಸರ್ ಇರುವಾಗಲೇ ಮುಗಿಸಬೇಕು. ಚಿಪ್ ಬದಲಾಯಿಸಿಬಿಟ್ಟು ಆಮೇಲೆ ಬಯೋಸ್ ನೋಡೋಣ ಅಂದರೆ, ನೋಡಲು ಪರದೆಯೇ ಬರುವುದಿಲ್ಲ. ಕೆಲವು ಬೋರ್ಡುಗಳಲ್ಲಿ ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಬಯೋಸ್ ತುಂಬುವ ಗುಂಡಿ ಇರುತ್ತದೆ. ನನ್ನದರಲ್ಲಿ ಇಲ್ಲ.

ಬೋರ್ಡ್ ತಯಾರಕರ ಪುಟದಲ್ಲಿ ಎರಡು ವಿಷಯ ನೋಡಿಕೊಂಡೆ. ಒಂದು, ಯಾವ ಚಿಪ್ಪಿಗೆ ಯಾವ ಬಯೋಸ್ ಆವೃತ್ತಿ ಬೇಕು ಅನ್ನುವ ಪಟ್ಟಿ. ಇನ್ನೊಂದು, ಬೋರ್ಡಿನ ರಿವಿಷನ್ ಸಂಖ್ಯೆ. ಒಂದೇ ಹೆಸರಿನ ಬೋರ್ಡಿಗೆ ಎರಡು ಮೂರು ರಿವಿಷನ್ ಇರಬಹುದು, ಒಂದರ ಫೈಲ್ ಇನ್ನೊಂದಕ್ಕೆ ಆಗದು. ಇದು ಬೋರ್ಡಿನ ಮೂಲೆಯಲ್ಲೇ ಸಣ್ಣಗೆ ಅಚ್ಚಾಗಿತ್ತು. ಓದಲು ಫೋನಿನ ಕ್ಯಾಮೆರಾ ಬೇಕಾಯಿತು.

ಟಿಪ್ಪಣಿಯಲ್ಲಿ ಇನ್ನೊಂದು ಮಾತು: 2018ರ ಆವೃತ್ತಿಯಿಂದ ನೇರವಾಗಿ ಹೊಸದಕ್ಕೆ ಹಾರುವಂತಿಲ್ಲ, ನಡುವಿನ ಒಂದು ಆವೃತ್ತಿಯನ್ನು ಮೊದಲು ಹಾಕಬೇಕು. ಈ ಸಾಲನ್ನು ಓದದೆ ಹೋಗಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತೇನೋ. ಎಎಂ4ನಲ್ಲಿ ಇನ್ನೂ ಒಂದು ಸಂಕಟ ಇದೆ. ಹಳೆಯ ಬೋರ್ಡುಗಳಲ್ಲಿ ಬಯೋಸ್ ಇಡುವ ಚಿಪ್ಪಿನ ಜಾಗ ಬರೀ 16 ಎಂಬಿ. ಇಷ್ಟೊಂದು ತಲೆಮಾರಿನ ಪ್ರೊಸೆಸರ್‌ಗಳ ಮಾಹಿತಿ ಅದರಲ್ಲಿ ಹಿಡಿಸುವುದಿಲ್ಲ. ಅದಕ್ಕೇ ಕೆಲವು ಬೋರ್ಡುಗಳ ಹೊಸ ಬಯೋಸ್‌ನಲ್ಲಿ ಹಳೇ ಚಿಪ್ಪುಗಳ ಬೆಂಬಲವನ್ನೇ ತೆಗೆದಿರುತ್ತಾರೆ. ಹಾಗಾದರೆ ವಾಪಸ್ ಬರುವ ದಾರಿ ಮುಚ್ಚಿತು ಅಂತಲೇ ಅರ್ಥ. ನನ್ನ ಪುಟ್ಟ ಅದೃಷ್ಟ, 2600 ಪಟ್ಟಿಯಲ್ಲಿ ಹಾಗೇ ಉಳಿದಿತ್ತು.

64 ಜಿಬಿ ಪೆನ್‌ಡ್ರೈವ್‌ಗೆ ಫೈಲ್ ಹಾಕಿ ಬಯೋಸ್ ತೆರೆದರೆ ಡ್ರೈವೇ ಕಾಣಿಸಲಿಲ್ಲ. ಅದಕ್ಕೆ ಫ್ಯಾಟ್32 ಎಂಬ ಹಳೇ ಬಗೆಯ ಫಾರ್ಮ್ಯಾಟ್ ಬೇಕು. ವಿಂಡೋಸ್‌ನ ಮಾಮೂಲಿ ಫಾರ್ಮ್ಯಾಟ್ ಕಿಟಕಿ 32 ಜಿಬಿಗಿಂತ ದೊಡ್ಡದಕ್ಕೆ ಫ್ಯಾಟ್32 ತೋರಿಸಲೇ ಇಲ್ಲ. ಡ್ರಾಯರ್ ಕೆದಕಿದಾಗ 8 ಜಿಬಿಯ ಒಂದು ಹಳೇ ಪೆನ್‌ಡ್ರೈವ್ ಸಿಕ್ಕಿತು. ಈ ಇಡೀ ಕೆಲಸದಲ್ಲಿ ತಕರಾರಿಲ್ಲದೆ ನಡೆದುಕೊಂಡ ಹಳೇ ವಸ್ತು ಅದೊಂದೇ.

ಬಯೋಸ್ ಬರೆಯುವಾಗ ಕರೆಂಟ್ ಹೋದರೆ ಬೋರ್ಡ್ ಸತ್ತಂತೆ. ಯುಪಿಎಸ್‌ಗೆ ಸಿಕ್ಕಿಸಿ, ಎರಡು ಸಲ, ಪ್ರತಿ ಸಲವೂ ನಾಲ್ಕೈದು ನಿಮಿಷ ಕೀಬೋರ್ಡ್ ಮುಟ್ಟದೆ ಕೂತೆ. ಎರಡೂ ಸಲ ಸರಿಯಾಗಿ ಮೇಲೆದ್ದಿತು. ಎಲ್ಲ ಸೆಟ್ಟಿಂಗ್ ಅಳಿಸಿಹೋಗಿ ರ‍್ಯಾಮ್ 2133ರ ವೇಗಕ್ಕೆ ಇಳಿದಿತ್ತು. ಅದನ್ನು ಆಮೇಲೆ ನೋಡೋಣ ಅಂತ ಬಿಟ್ಟೆ.

ಮಲಗುವ ಮುಂಚೆ ಮಾಡಿದ ಕೊನೆಯ ಕೆಲಸವೇ ಮರುದಿನ ನನ್ನ ಮಾನ ಉಳಿಸಿದ್ದು. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್‌ನ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದುಕೊಂಡೆ. 48 ಅಂಕಿ, ಆರಾರರ ಎಂಟು ಗುಂಪು.

ಶನಿವಾರ ಬೆಳಿಗ್ಗೆ: ಅಂಟಿಕೊಂಡೇ ಬಂತು

ಎಎಂ4 ಚಿಪ್ಪಿನಲ್ಲಿ ಪಿನ್‌ಗಳು ಇರುವುದು ಚಿಪ್ಪಿನ ಹೊಟ್ಟೆಗೆ. ಸಾಕೆಟ್ಟಿನಲ್ಲಿ ಬರೀ ತೂತು. ಪಕ್ಕದ ಸಣ್ಣ ಸಲಾಕೆಯನ್ನು ಒತ್ತಿದಾಗ ಒಳಗಿನ ಹಿಡಿತ ಬಿಗಿಯಾಗಿ ಪಿನ್‌ಗಳನ್ನು ಕಚ್ಚಿಕೊಳ್ಳುತ್ತದೆ, ಅಷ್ಟೇ. ಇಂಟೆಲ್ ಚಿಪ್ಪುಗಳಲ್ಲಿ, ಎಎಂಡಿಯ ಈಗಿನ ಎಎಂ5ನಲ್ಲಿ ಚಿಪ್ಪಿನ ಮೇಲೆ ಲೋಹದ ಚೌಕಟ್ಟು ಬಂದು ಕೂರುತ್ತದೆ. ಇಲ್ಲಿ ಅದಿಲ್ಲ. ಕೂಲರ್ ಮತ್ತು ಚಿಪ್ಪಿನ ನಡುವಿನ ಪೇಸ್ಟ್ ಒಣಗಿ ಗಟ್ಟಿಯಾಗಿದ್ದರೆ, ಕೂಲರ್ ಎತ್ತಿದಾಗ ಚಿಪ್ಪೂ ಕಿತ್ತುಕೊಂಡು ಬರುತ್ತದೆ, ಸಲಾಕೆ ಹಾಕಿದ್ದರೂ ಸರಿ.

ಇದೆಲ್ಲ ನನಗೆ ಗೊತ್ತಿತ್ತು. ಪರಿಹಾರವೂ ಗೊತ್ತಿತ್ತು. ಹತ್ತು ನಿಮಿಷ ಭಾರೀ ಕೆಲಸ ಕೊಟ್ಟು ಚಿಪ್ಪನ್ನು ಬಿಸಿ ಮಾಡಬೇಕು, ಪೇಸ್ಟ್ ಮೆತ್ತಗಾಗುತ್ತದೆ. ತಕ್ಷಣ ಆಫ್ ಮಾಡಿ, ಕೂಲರನ್ನು ಎಡಕ್ಕೂ ಬಲಕ್ಕೂ ತಿರುಚಿ ತಿರುಚಿ ಬಿಡಿಸಬೇಕು, ನೇರ ಮೇಲಕ್ಕೆ ಎಳೆಯಬಾರದು.

ನಾನು ಮಾಡಿದ್ದು ಹೀಗೆ. ಒಂದು ವಿಡಿಯೊ ಎಕ್ಸ್‌ಪೋರ್ಟ್ ಹಾಕಿ ಬಿಸಿ ಮಾಡಿದೆ. ಆಫ್ ಮಾಡಿದೆ, ವಯರ್ ಕಿತ್ತೆ, ಪವರ್ ಗುಂಡಿ ಒತ್ತಿ ಹಿಡಿದು ಉಳಿದ ಕರೆಂಟ್ ಖಾಲಿ ಮಾಡಿದೆ. ಆಮೇಲೆ ಕೇಬಲ್‌ಗಳ ಫೋಟೊ ತೆಗೆದೆ. ಅಡ್ಡ ಬರುತ್ತಿದ್ದ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿದೆ. ಅದರ ಕೊಕ್ಕೆ ಸಿಗದೆ ಹೆಣಗಾಡಿದೆ. ಧೂಳು ಕಂಡಿತು, ಬ್ರಷ್ ತಂದು ಒರೆಸಿದೆ. ಕೂಲರಿಗೆ ಕೈ ಹಾಕುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು, ಕೂಲರ್ ತಣ್ಣಗೆ ಕೊರೆಯುತ್ತಿತ್ತು. ಈ ಬಿಚ್ಚುವ ಕೆಲಸ ಎಲ್ಲ ಮೊದಲು ಮುಗಿಸಿಕೊಂಡು ಆಮೇಲೆ ಬಿಸಿ ಮಾಡಬೇಕಿತ್ತು ಅಂತ ಹೊಳೆದದ್ದು ಈಗ ಬರೆಯುವಾಗಲ್ಲ, ಆಗಲೇ. ಆದರೂ ಮತ್ತೆ ಎಲ್ಲ ಜೋಡಿಸುವ ಸೋಮಾರಿತನ.

ನಾಲ್ಕು ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿದೆ. ನಾಲ್ಕನೆಯದು ಬಿಟ್ಟುಕೊಂಡ ಕೂಡಲೇ ಬೋರ್ಡಿನ ಹಿಂದೆ ಏನೋ ಕೆಳಕ್ಕೆ ಬಿದ್ದ ಸದ್ದು. ಬ್ಯಾಕ್‌ಪ್ಲೇಟ್! ಹಳೇ ಕೂಲರಿನ ಸ್ಕ್ರೂಗಳು ನೇರವಾಗಿ ಹಿಂದಿನ ಆ ಲೋಹದ ಪಟ್ಟಿಗೇ ಹೋಗಿ ಕೂರುತ್ತಿದ್ದವು. ಸ್ಕ್ರೂ ಬಂದರೆ ಅದನ್ನು ಹಿಡಿಯುವವರು ಯಾರೂ ಇಲ್ಲ. ಹೊಸ ಕೂಲರಿಗೂ ಅದೇ ಬೇಕು. ಸರಿ, ಸಿಗುತ್ತದೆ ಬಿಡು ಅಂತ ಕೂಲರ್ ತಿರುಚಿದೆ. ಅಲುಗಲಿಲ್ಲ. ಇನ್ನೊಂಚೂರು ಜೋರಾಗಿ ತಿರುಚಿದೆ. ಕೈ ತಿರುಚುತ್ತಿದೆ ಅಂದುಕೊಂಡಿದ್ದೆ, ಅದು ಎಳೆಯುತ್ತಿತ್ತು. ಟಕ್ ಅಂತ ಸದ್ದಾಗಿ ಕೂಲರ್ ಕೈಗೆ ಬಂತು.

ಟಾರ್ಚ್ ಹಿಡಿದಿದ್ದ ಮಗಳು ಮೆತ್ತಗೆ ಹೇಳಿದಳು, "ಅಪ್ಪಾ, ಅದರ ತಳದಲ್ಲಿ ಏನೋ ಅಂಟಿಕೊಂಡಿದೆ."

ಪ್ರೊಸೆಸರ್. ಹೊಟ್ಟೆ ಮೇಲೆ ಮಾಡಿಕೊಂಡು, 1331 ಚಿನ್ನದ ಮುಳ್ಳು ಮಿನುಗಿಸುತ್ತಾ. ಒಂದು ಮೂಲೆಯಲ್ಲಿ ಐದು ಪಿನ್ ಒಂದೇ ಕಡೆಗೆ ವಾಲಿದ್ದವು.

ಮೊದಲು ನೋಡಿದ್ದು ಪಿನ್ ಅಲ್ಲ, ಸಾಕೆಟ್. ಒಂದು ಪಿನ್ ಮುರಿದು ತೂತಿನಲ್ಲಿ ಉಳಿದಿದ್ದರೆ ಹೊಸ ಚಿಪ್ಪಿಗೂ ಜಾಗವಿಲ್ಲ. ಫೋನಿನ ಕ್ಯಾಮೆರಾದಲ್ಲಿ ಝೂಮ್ ಮಾಡಿ ಸಾಲು ಸಾಲಾಗಿ ನೋಡಿದೆವು. ತೂತುಗಳು ಚೊಕ್ಕವಾಗಿದ್ದವು. ಆಮೇಲೆ ಉಸಿರಾಡಿದೆ.

ಅಂಟಿದ್ದ ಚಿಪ್ಪನ್ನು ಸ್ಕ್ರೂಡ್ರೈವರ್ ತೂರಿಸಿ ಮೀಟಬಾರದು. ಹಸಿರು ಹಲಗೆಯ ಅಂಚು ಸೀಳುತ್ತದೆ. ಹೇರ್ ಡ್ರೈಯರ್ ತಂದು ಕೂಲರಿನ ಲೋಹದ ಕಡೆಯಿಂದ ಐದಾರು ನಿಮಿಷ ಬಿಸಿ ಗಾಳಿ ಹಿಡಿದೆ. ಮೊದಲೇ ಮಾಡಬೇಕಿದ್ದ ಕೆಲಸ. ಅಂಚುಗಳನ್ನು ಬೆರಳಲ್ಲಿ ಹಿಡಿದು ಪಕ್ಕಕ್ಕೆ ತಿರುಚಿದಾಗ ಜಾರಿಕೊಂಡು ಬಂತು. ನಡುವೆ ಇದ್ದ ಪೇಸ್ಟ್ ಒಣ ಸುಣ್ಣದ ಹಾಗೆ ಪುಡಿಯಾಗಿ ಉದುರಿತು.

ಹೇಗೂ ತೆಗೆದು ಬಿಡುವ ಚಿಪ್ಪು, ಅದರ ಪಿನ್ ನೆಟ್ಟಗೆ ಮಾಡಿ ಏನಾಗಬೇಕು ಅನ್ನಬಹುದು. ಹೊಸದು ಕೈಕೊಟ್ಟರೆ ಮನೆಯಲ್ಲಿರುವ ಏಕೈಕ ಬದಲಿ ಅದೇ ಅಲ್ವಾ. ಕಡ್ಡಿ ತೆಗೆದ 0.5 ಮಿಲಿಮೀಟರಿನ ಮೆಕ್ಯಾನಿಕಲ್ ಪೆನ್ಸಿಲ್ ತೆಗೆದುಕೊಂಡೆ. ಅದರ ಮೂತಿಯ ಟೊಳ್ಳಿಗೆ ಪಿನ್ ಸರಿಯಾಗಿ ಹೋಗಿ ಕೂರುತ್ತದೆ. ಒಂದೇ ಸಲಕ್ಕೆ ನೆಟ್ಟಗೆ ಎಳೆಯಲು ಹೋದರೆ ಬುಡದಲ್ಲಿ ಮುರಿಯುತ್ತದೆ. ಒಂದಿಷ್ಟು ಎತ್ತುವುದು, ಬಿಡುವುದು, ಮೇಜಿನ ಮಟ್ಟಕ್ಕೆ ಕಣ್ಣು ತಂದು ಸಾಲಿನುದ್ದಕ್ಕೂ ನೋಡುವುದು, ಮತ್ತೆ ಒಂದಿಷ್ಟು. ನಾಲ್ಕು ಪಿನ್ ನಾನು ಮಾಡಿದೆ. ಐದನೆಯದನ್ನು ಮಗಳು ಮಾಡಿದಳು, ನನಗಿಂತ ಚೆನ್ನಾಗಿ. ಐದಕ್ಕೆ ಹಿಡಿದದ್ದು ಐವತ್ತು ನಿಮಿಷ.

ಹದಿನೈದು ಸೆಕೆಂಡಿನ ಕೆಲಸ

ಸಲಾಕೆ ಎತ್ತಿದೆ. ಚಿಪ್ಪಿನ ಮೂಲೆಯ ಚಿನ್ನದ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿದೆ. ಬಿಟ್ಟೆ. ತನ್ನ ಭಾರಕ್ಕೆ ತಾನೇ ಇಳಿದು ಕೂತಿತು. ಇಲ್ಲಿ ಬೆರಳಿನಿಂದ ಒತ್ತಬೇಕು ಅನ್ನಿಸಿದರೆ ಏನೋ ತಪ್ಪಾಗಿದೆ ಅಂತ ಲೆಕ್ಕ. ಸಲಾಕೆ ಇಳಿಸಿದೆ. ಮುಗಿಯಿತು.

ಪೇಸ್ಟ್ ಎಷ್ಟು ಹಾಕಬೇಕು ಅನ್ನುವುದಕ್ಕೆ ಜನ ಜಗಳವಾಡುತ್ತಾರೆ. ನಾನು ನಡುವೆ ಗುಲಗಂಜಿಗಿಂತ ಒಂಚೂರು ದೊಡ್ಡ ಬೊಟ್ಟು ಇಟ್ಟೆ. ಕೂಲರಿನ ಒತ್ತಡಕ್ಕೆ ಅದೇ ಹರಡಿಕೊಳ್ಳುತ್ತದೆ. ತೀರಾ ಕಮ್ಮಿಯಾದರೆ ತೊಂದರೆ, ಸ್ವಲ್ಪ ಜಾಸ್ತಿಯಾದರೆ ಅಂಚಿನಲ್ಲಿ ಇಣುಕುತ್ತದೆ, ಅಷ್ಟೇ. ಕೂಲರಿನ ತಳಕ್ಕೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆಯನ್ನು ಕಿತ್ತು ಹಾಕಲು ಮರೆಯಲಿಲ್ಲ. ಮರೆಯುವವರು ಬಹಳ ಜನ ಇದ್ದಾರೆ, 2018ರಲ್ಲಿ ಗೆಳೆಯನ ಯಂತ್ರ ಜೋಡಿಸಿಕೊಡುವಾಗ ನಾನೂ ಒಬ್ಬ.

ಬ್ಯಾಕ್‌ಪ್ಲೇಟನ್ನು ಮಗಳು ಹಿಂದಿನಿಂದ ಎರಡು ಬೆರಳಲ್ಲಿ ಒತ್ತಿ ಹಿಡಿದಳು. ನಾನು ಮುಂದಿನಿಂದ ಹೊಸ ಕೂಲರಿನ ಪಟ್ಟಿಗಳನ್ನು ಬಿಗಿದೆ. ಇದನ್ನು ಒಬ್ಬರೇ ಮಾಡುವುದಾದರೆ ಬ್ಯಾಕ್‌ಪ್ಲೇಟಿಗೆ ಟೇಪ್ ಅಂಟಿಸಿಕೊಳ್ಳಿ. ಕೂಲರ್ ಕೂರಿಸಿದೆ, ಫ್ಯಾನಿನ ವಯರನ್ನು ಸಿಪಿಯು ಫ್ಯಾನ್ ಅಂತ ಬರೆದಿರುವ ಪಿನ್ನಿಗೇ ಹಾಕಿದೆ. ಪಕ್ಕದಲ್ಲಿ ಕ್ಯಾಬಿನೆಟ್ ಫ್ಯಾನಿನದ್ದೂ ನೋಡಲು ಹಾಗೇ ಇರುತ್ತದೆ. ಅಲ್ಲಿ ಹಾಕಿದರೆ ಫ್ಯಾನ್ ತಿರುಗಿದರೂ ಬಯೋಸ್ ಫ್ಯಾನ್ ಇಲ್ಲ ಅಂತ ಹಠ ಹಿಡಿಯಬಹುದು.

ಕಪ್ಪು ಪರದೆ

ಗುಂಡಿ ಒತ್ತಿದೆ. ಫ್ಯಾನ್ ತಿರುಗಿತು. ಪರದೆ ಕಪ್ಪು.

ಹೊಸ ಪ್ರೊಸೆಸರ್ ಬಂದಾಗ ಬೋರ್ಡ್ ರ‍್ಯಾಮನ್ನು ಹೊಸದಾಗಿ ಪಳಗಿಸಿಕೊಳ್ಳುತ್ತದೆ. ಮೊದಲ ಸಲ ಒಂದೆರಡು ನಿಮಿಷ ಹಿಡಿಯಬಹುದು, ನಡುವೆ ತಾನೇ ಆಫ್ ಆಗಿ ಆನ್ ಆಗಲೂಬಹುದು. ಹಾಗಾಗಿ ಕಾದೆ. ಎರಡು ನಿಮಿಷ. ಮೂರು. ಐದು. ತಲೆಯೊಳಗೆ ಮಾತ್ರ ಬಾಗಿದ ಪಿನ್‌ಗಳೇ ಓಡುತ್ತಿದ್ದವು. ಎಳೆದಾಗ ಸಾಕೆಟ್ಟಿನೊಳಗೇ ಏನಾದರೂ ಕಿತ್ತುಹೋಗಿದೆಯೋ? ಮತ್ತೆ ಎಲ್ಲ ಬಿಚ್ಚಲು ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಂಡಾಗಿತ್ತು.

"ಈ ಕೆಂಪು ದೀಪ ಮೊದಲೂ ಉರೀತಿತ್ತಾ?" ಅಂದಳು ಮಗಳು.

ಬೋರ್ಡಿನ ಅಂಚಿನಲ್ಲಿ ನಾಲ್ಕು ಪುಟ್ಟ ದೀಪಗಳಿವೆ. ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಬೂಟ್. ಯಾವ ಹಂತದಲ್ಲಿ ಸಿಕ್ಕಿಕೊಂಡಿದೆಯೋ ಆ ದೀಪ ಉರಿಯುತ್ತದೆ. ಏಳು ವರ್ಷದಲ್ಲಿ ಒಂದು ಸಲವೂ ನಾನು ಅತ್ತ ಕಣ್ಣು ಹಾಯಿಸಿರಲಿಲ್ಲ. ಉರಿಯುತ್ತಿದ್ದದ್ದು ರ‍್ಯಾಮ್ ದೀಪ. ಅಂದರೆ ಪ್ರೊಸೆಸರ್ ಪಾಸಾಗಿತ್ತು! ಟಾರ್ಚ್ ಹಾಕಿ ನೋಡಿದರೆ ಕೂಲರಿಗೆ ಹತ್ತಿರದ ರ‍್ಯಾಮ್ ಒಂದು ತುದಿಯಲ್ಲಿ ಕೂದಲೆಳೆಯಷ್ಟು ಮೇಲೆದ್ದಿತ್ತು. ಕೂಲರ್ ಬಿಗಿಯುವಾಗ ನನ್ನ ಮೊಣಕೈಯೋ ಹಸ್ತವೋ ತಾಗಿರಬೇಕು. ಆಫ್ ಮಾಡಿ, ವಯರ್ ಕಿತ್ತು, ರ‍್ಯಾಮ್ ತೆಗೆದು ಮತ್ತೆ ಒತ್ತಿದೆ. ಕೊಕ್ಕೆ ಟಕ್ ಅಂದಿತು. ಈ ಸಲ ಆ ಸದ್ದು ಹಿತವಾಗಿತ್ತು.

ನಲವತ್ತು ಸೆಕೆಂಡಿನಲ್ಲಿ ಪರದೆ ಬೆಳಗಿತು. ಕಂಡದ್ದು ವಿಂಡೋಸ್ ಅಲ್ಲ, ಬಿಳಿ ಅಕ್ಷರದ ಒಂದು ಎಚ್ಚರಿಕೆ. ಹೊಸ ಪ್ರೊಸೆಸರ್ ಬಂದಿದೆ, ಎಫ್‌ಟಿಪಿಎಂ ಮಾಹಿತಿ ಹೊಂದುತ್ತಿಲ್ಲ, ಅಳಿಸಿ ಹೊಸದಾಗಿ ಶುರು ಮಾಡಲು ವೈ ಒತ್ತಿ, ಹಾಗೇ ಇರಲು ಎನ್ ಒತ್ತಿ. ಬಿಟ್‌ಲಾಕರ್ ಇದ್ದರೆ ರಿಕವರಿ ಕೀ ಇಲ್ಲದೆ ಯಂತ್ರ ತೆರೆಯುವುದಿಲ್ಲ ಅಂತಲೂ ಇತ್ತು. ಡಿಸ್ಕಿನ ಬೀಗ ತೆರೆಯುವ ಗುಟ್ಟು ಇರುವುದು ಎಫ್‌ಟಿಪಿಎಂನಲ್ಲಿ. ಎಫ್‌ಟಿಪಿಎಂ ನಡೆಯುವುದು ಪ್ರೊಸೆಸರಿನೊಳಗೆ. ಚಿಪ್ಪು ಬದಲಾದರೆ ಹಳೇ ಗುಟ್ಟು ಹೊಸ ಚಿಪ್ಪಿಗೆ ಅರ್ಥವಾಗದು. ವೈ ಒತ್ತಿದೆ. ನೀಲಿ ಪರದೆ ಬಂದು 48 ಅಂಕಿ ಕೇಳಿತು.

ನಿನ್ನೆಯ ಕಾಗದ ಮಗಳ ಕೈಯಲ್ಲಿ. ಅವಳು ಆರಾರು ಅಂಕಿ ಓದಿದಳು, ನಾನು ಒತ್ತಿದೆ. ಐದನೇ ಗುಂಪಿನಲ್ಲಿ ನಾನು ಬರೆದಿದ್ದ 1 ಅವಳಿಗೆ 7ರ ಹಾಗೆ ಕಂಡಿತ್ತು. ಎರಡನೇ ಸಲಕ್ಕೆ ಬಾಗಿಲು ತೆರೆಯಿತು. ವಿಂಡೋಸ್ ಪಿನ್ ನಂಬರ್ ಹೊಸದಾಗಿ ಇಡಬೇಕಾಯಿತು. ಬೋರ್ಡ್ ಬದಲಾಗದ್ದರಿಂದ ಆಕ್ಟಿವೇಷನ್ ತಂಟೆ ಬರಲಿಲ್ಲ.

ಆಮೇಲಿನ ದಿನಗಳು

ಹಳೇ ಚಿಪ್ಪಿನ ಜೊತೆ ಈ ರ‍್ಯಾಮ್ 3200ರಲ್ಲಿ ಆಗಾಗ ತಪ್ಪು ಮಾಡುತ್ತಿತ್ತು. 2600ಗೆ ಎಎಂಡಿ ಹೇಳಿದ್ದೇ 2933, ಅಲ್ಲಿಗೇ ಬಿಟ್ಟಿದ್ದೆ. ಈಗ ಬಯೋಸ್‌ನಲ್ಲಿ ರ‍್ಯಾಮನ್ನು ಅದರ ಘೋಷಿತ ವೇಗಕ್ಕೆ ಏರಿಸುವ ಎಕ್ಸ್‌ಎಂಪಿ ಆನ್ ಮಾಡಿದರೆ 3200ಕ್ಕೆ ತಕರಾರಿಲ್ಲದೆ ಓಡುತ್ತಿದೆ, ರಾತ್ರಿಯಿಡೀ ಮೆಮೊರಿ ಪರೀಕ್ಷೆ ಹಾಕಿದರೂ ಒಂದು ತಪ್ಪಿಲ್ಲ. ಗ್ರಾಫಿಕ್ಸ್ ಕಾರ್ಡಿನಂಥವು ಜೋಡಿಸಿಕೊಳ್ಳುವ ದಾರಿಯಾದ ಪಿಸಿಐಇಯ 4.0 ಆವೃತ್ತಿ ಚಿಪ್ಪಿಗೆ ಬರುತ್ತದೆ, ಆದರೆ ಬಿ450 ಬೋರ್ಡ್ 3.0ಗೇ ನಿಲ್ಲುತ್ತದೆ. ಅದಕ್ಕೆ ಬೇಜಾರಿಲ್ಲ.

ಪ್ರೊಸೆಸರಿನ ವೇಗಕ್ಕೆ ಅಂಕ ಕೊಡುವ ಸಿನೆಬೆಂಚ್ ಆರ್23 ಹತ್ತು ನಿಮಿಷ ಓಡಿಸಿದೆ. ಹಳೆಯದು 7,640 ಕೊಟ್ಟಿತ್ತು, ಹೊಸದು 13,580. ಶಾಖ 67 ಡಿಗ್ರಿಗೆ ನಿಂತಿತು, ಮಿತಿ 90. ಮಗಳ ಅಳತೆ ಬೇರೆ. ಒಂದೇ ಪ್ರಾಜೆಕ್ಟನ್ನು ಬದಲಾಯಿಸುವ ಮುಂಚೆ ಎಕ್ಸ್‌ಪೋರ್ಟ್ ಮಾಡಿ ಸಮಯ ಬರೆದಿಟ್ಟಿದ್ದಳು: 23 ನಿಮಿಷ. ಈಗ ಹದಿಮೂರಕ್ಕೆ ಒಂದಿಷ್ಟು ಕಮ್ಮಿ.

ಒಂದು ಕಿರಿಕಿರಿ ಉಳಿದಿತ್ತು. ಬ್ರೌಸರ್ ತೆರೆದರೂ ಸಾಕು, ಶಾಖ 40ರಿಂದ 55ಕ್ಕೆ ನೆಗೆದು ಮತ್ತೆ ಇಳಿಯುತ್ತದೆ. ಈ ಚಿಪ್ಪುಗಳ ಸ್ವಭಾವವೇ ಹಾಗೆ, ಸಣ್ಣ ಕೆಲಸಕ್ಕೂ ಒಂದೆರಡು ಕೋರ್ ಪೂರ್ತಿ ವೇಗಕ್ಕೆ ಏರುತ್ತವೆ. ಆದರೆ ಫ್ಯಾನ್ ಅದನ್ನೇ ನಂಬಿ ಒಮ್ಮೆ ಬುಸುಗುಟ್ಟುವುದು, ಒಮ್ಮೆ ಸುಮ್ಮನಾಗುವುದು. ಬಯೋಸ್‌ನಲ್ಲಿ ಫ್ಯಾನ್ ಏರುವ ಮುಂಚೆ ಕೆಲವು ಸೆಕೆಂಡು ಕಾಯುವ ಹಾಗೆ ಹಾಕಿದೆ, 60 ಡಿಗ್ರಿವರೆಗೆ ಒಂದೇ ವೇಗ ಇಟ್ಟೆ. ನೆಮ್ಮದಿ.

ಇಷ್ಟಕ್ಕೆ ಬಿಡಬಹುದಿತ್ತು. ಬಯೋಸ್‌ನ ಕರ್ವ್ ಆಪ್ಟಿಮೈಸರ್ ಅನ್ನುವ ಸೆಟ್ಟಿಂಗ್‌ನಲ್ಲಿ ಎಲ್ಲ ಕೋರ್‌ಗಳಿಗೂ ಮೈನಸ್ 20 ಹಾಕಿ ವೋಲ್ಟೇಜ್ ಇಳಿಸಿದೆ. ಸಿನೆಬೆಂಚ್ ಪಾಸ್, ಎಕ್ಸ್‌ಪೋರ್ಟ್ ಪಾಸ್. ಎರಡು ದಿನ ಬಿಟ್ಟು, ಯಾರೂ ಮುಟ್ಟದೆ ಸುಮ್ನೆ ಇದ್ದ ಯಂತ್ರ ತಾನೇ ರೀಸ್ಟಾರ್ಟ್ ಆಯಿತು. ಇದು ಭಾರೀ ಕೆಲಸದಲ್ಲಿ ಬಯಲಾಗದೆ, ವೋಲ್ಟೇಜ್ ತಳ ಮುಟ್ಟುವ ಬಿಡುವಿನ ಹೊತ್ತಿನಲ್ಲೇ ಬಯಲಾಗುವ ತಪ್ಪು. ಮೈನಸ್ 10ಕ್ಕೆ ತಂದೆ. ಮೂರು ವಾರವಾಯಿತು, ಇನ್ನೂ ಮಿಸುಕಿಲ್ಲ.

ಹಳೇ 2600 ಈಗ ಹೊಸದು ಬಂದ ಪ್ಲಾಸ್ಟಿಕ್ ಗೂಡಿನಲ್ಲಿದೆ. ಅದನ್ನು ಹಾಕಿ ನೋಡಲು ಇನ್ನೊಂದು ಬೋರ್ಡ್ ಇಲ್ಲ, ಇರುವ ಬೋರ್ಡಿನಿಂದ ಹೊಸದನ್ನು ಕಿತ್ತು ನೋಡುವ ಧೈರ್ಯ ನನಗಿಲ್ಲ. ಗೂಡಿನ ಮೇಲೆ ಮಗಳು ಚೀಟಿ ಅಂಟಿಸಿದ್ದಾಳೆ: "5 ಪಿನ್ ನೆಟ್ಟಗೆ ಮಾಡಿದ್ದು. 1 ಚೆನ್ನಾಗಿ. ಪರೀಕ್ಷಿಸಿಲ್ಲ."